ಕಬಡ್ಡಿಯಲ್ಲಿ ಮುತ್ತಿಗೆಯನ್ನು ಮುರಿಯುವ ಬಗೆ

ಕಬಡ್ಡಿಯನ್ನು ಕೇವಲ ತೋಳ್ಬಲದ ಆಟವೆಂದು ಭಾವಿಸುವವರೇ ಹೆಚ್ಚು. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಬಯಲಿನಲ್ಲಾಗಲಿ, ಪಟ್ಟಣದ ಕ್ರೀಡಾಂಗಣದಲ್ಲಾಗಲಿ, ಅದರ ತರ್ಕ ಒಂದೇ. 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣ. ಅದರ ಅರ್ಧದಲ್ಲಿ ಏಳು ಜನ ಕಾಯುತ್ತಿರುತ್ತಾರೆ. ಒಳನುಗ್ಗುವವನು ಒಬ್ಬನೇ, ಅವನಿಗಿರುವ ಕಾಲ 30 ಸೆಕೆಂಡು. ಕಾಯುವವರು ಕೈಗೆ ಕೈ ಬೆಸೆದು, ಅವನು ಒಳಬಂದಂತೆಲ್ಲ ಎರಡೂ ಮೂಲೆಗಳಿಂದ ಮುಂದೊತ್ತಿ, ನಡುಗೆರೆಗೆ ಮರಳುವ ದಾರಿಯನ್ನು ಮುಚ್ಚುತ್ತಾರೆ. ಸಿಕ್ಕಿಬಿದ್ದರೆ ಅಂಕ ಎದುರಾಳಿಗೆ; ತನ್ನ ತಂಡಕ್ಕೆ ಒಬ್ಬ ಆಳು ಕಡಿಮೆ.

ಹಾಗಾದರೆ ಉಪಾಯವೇನು? ಒತ್ತಡಕ್ಕೆ ಎದೆಗೊಡುವುದಲ್ಲ, ಅದನ್ನು ಹಿಗ್ಗಿಸುವುದು. ಜಾಣ ದಾಳಿಗಾರ ಮೊದಲು ಒಂದು ಪಕ್ಕಕ್ಕೆ ಸರಿಯುತ್ತಾನೆ. ಸರಪಳಿ ಅತ್ತ ಜಗ್ಗುತ್ತದೆ. ಕೊಂಡಿಗಳ ನಡುವೆ ಬಿರುಕು ಮೂಡುತ್ತದೆ. ಹಿಡಿಯುವ ಆತುರದಲ್ಲಿ ಮುನ್ನುಗ್ಗಿದವನು ತನ್ನ ನೆಲೆಯನ್ನು ತೆರವು ಮಾಡಿರುತ್ತಾನೆ. ಚಾಚಿದ ಆ ಕೈಯನ್ನು ಸೋಕಿ, ತೆರವಾದ ಕಡೆಯಿಂದಲೇ ಮರಳಬೇಕು.

ಪಕ್ಷಕ್ಕೆ 18 ಜನರು ಆಡುವ ಆಸ್ಟ್ರೇಲಿಯದ ಫುಟ್‌ಬಾಲಿನಲ್ಲಿಯೂ ನ್ಯಾಯ ಇದೇ. ಎದುರಾಳಿಗಳು ಒಟ್ಟಾಗಿ ಮುಂದೊತ್ತಿ ಬಂದಾಗ ಮುಂಪಂಕ್ತಿಯವರು ಅಗಲಕ್ಕೆ ಹರಡಿಕೊಳ್ಳುತ್ತಾರೆ. ಚೆಂಡು ಎದುರಾಳಿಗಳ ಬೆನ್ನ ಹಿಂದಿನ ಬಯಲಿಗೆ ಹಾರುತ್ತದೆ.

ಇದು ಕಲಿಸಬಹುದಾದ ವಿದ್ಯೆ. ಭಾರತ ತಂಡದಲ್ಲಿ ಆಡಿದ ಕರ್ನಾಟಕದ ಬಿ. ಸಿ. ರಮೇಶ್ ಅವರ ತರಬೇತಿಯಲ್ಲಿ ಎರಡು ಬೇರೆ ಬೇರೆ ತಂಡಗಳು, 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್, ಪ್ರೊ ಕಬಡ್ಡಿಯ ಪ್ರಶಸ್ತಿಯನ್ನು ಗೆದ್ದವು. ಬಲವು ಆಟಗಾರನೊಡನೆ ಕುಗ್ಗುತ್ತದೆ. ತೆರವನ್ನು ಕಾಣುವ ಕಣ್ಣನ್ನು ಮಾತ್ರ ಅವನು ಮುಂದಿನವರಿಗೆ ಕೊಟ್ಟುಹೋಗಬಲ್ಲ.