ಟ್ರೇಲರ್ ಹಿಂದಿನ ಕೆಂಪು ಪಟ್ಟಿ

ಕಳೆದ ವರ್ಷದ ಕಬ್ಬು ಅರೆಯುವ ಹಂಗಾಮು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಮಂಡ್ಯದ ಗ್ರಂಥಾಲಯಕ್ಕೆ ಹೋಗಿದ್ದ ನಾನು ರಾತ್ರಿ ಬೈಕಿನಲ್ಲಿ ಊರಿಗೆ ಮರಳುತ್ತಿದ್ದೆ. ಎದುರಿನಿಂದ ಬಂದ ಲಾರಿಯ ಬೆಳಕು ಕಣ್ಣು ಕುಕ್ಕಿತು. ಅದು ದಾಟಿದ ಮರುಕ್ಷಣ ನನ್ನ ಮುಂದೆ ಕಬ್ಬಿನ ಗೋಡೆ! ಕೆಟ್ಟು ನಿಂತಿದ್ದ ಟ್ರ್ಯಾಕ್ಟರ್‌ನ ಟ್ರೇಲರ್ ಅದು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಬ್ರೇಕ್ ಒತ್ತಿ ಬೈಕನ್ನು ರಸ್ತೆಯಂಚಿನ ಮಣ್ಣಿಗೆ ಇಳಿಸಿದೆ. ಮೊಣಕಾಲು ತರಚಿತು, ಜೀವ ಉಳಿಯಿತು.

ಆ ಚಾಲಕನನ್ನು ಬೈಯುತ್ತಲೇ ಮನೆಗೆ ಬಂದೆ. ಅಂಗಳದಲ್ಲಿ ನಮ್ಮದೇ ಟ್ರೇಲರ್ ನಿಂತಿತ್ತು. ಹಿಂದೆ ಹೋಗಿ ನೋಡಿದರೆ ಅದಕ್ಕೂ ರಿಫ್ಲೆಕ್ಟರ್ ಇರಲಿಲ್ಲ. ಬೈಗುಳ ಬಾಯಲ್ಲೇ ಉಳಿಯಿತು.

ಕನ್ನಡಿಯ ಮೇಲೆ ಓರೆಯಾಗಿ ಬಿದ್ದ ಬೆಳಕು ಇನ್ನೊಂದು ಕಡೆಗೆ ಹೋಗುತ್ತದೆ. ವಾಹನಗಳ ರಿಫ್ಲೆಕ್ಟರ್ ಹಾಗಲ್ಲ, ಬೆಳಕನ್ನು ಅದು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ. ಅದರಲ್ಲಿ ಪುಟ್ಟ ಗಾಜಿನ ಮಣಿಗಳೋ, ಡಬ್ಬಿಯ ಒಳಮೂಲೆಯಂತೆ ಮೂರು ಮುಖಗಳು ಸೇರುವ ಪಟ್ಟಕಗಳೋ ಇರುತ್ತವೆ. ಬಲ್ಬು, ಬ್ಯಾಟರಿ ಬೇಡ. ಬರುವವರ ಹೆಡ್‌ಲೈಟೇ ಸಾಕು. 1969ರಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನ ಮೇಲೆ ಇಟ್ಟು ಬಂದದ್ದೂ ಇಂಥ ಪಟ್ಟಕಗಳನ್ನೇ. ನಮ್ಮ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಮೇಲೂ ನಾಸಾದ ಪುಟ್ಟ ರಿಫ್ಲೆಕ್ಟರ್ ಇದೆ. 2023ರ ಡಿಸೆಂಬರ್‌ನಲ್ಲಿ ನಾಸಾದ ನೌಕೆಯೊಂದು ಸುಮಾರು 100 ಕಿ.ಮೀ. ದೂರದಿಂದ ಲೇಸರ್ ಹಾಯಿಸಿದಾಗ ಅದು ಬೆಳಕನ್ನು ಮರಳಿಸಿತು. ಪರೀಕ್ಷೆಗೆಂದು ಇದನ್ನೆಲ್ಲ ಓದಿದ್ದ ನನಗೆ ನಮ್ಮ ಟ್ರೇಲರ್ ಮಾತ್ರ ಕಂಡಿರಲಿಲ್ಲ.

ಮರುದಿನ ಕೆಂಪು ರಿಫ್ಲೆಕ್ಟರ್ ಟೇಪ್ ತಂದೆ. ‘ಇಷ್ಟು ವರ್ಷ ಏನಾಗದೆ ಮಗಾ?’ ಎಂದರು ಅಪ್ಪ. ಮಾತಾಡದೆ ನನ್ನ ಮೊಣಕಾಲು ತೋರಿಸಿದೆ. ಧೂಳು ಒರೆಸಿ ಇಬ್ಬರೂ ಸೇರಿ ಅಂಟಿಸಿದೆವು.

ರಾತ್ರಿ ಅಪ್ಪ ದೂರ ನಿಂತು ಟಾರ್ಚ್ ಬಿಟ್ಟರು. ‘ಅಬ್ಬಾ, ಕೆಂಡ ಕೆಂಡ!’ ಎಂದರು. ಪಕ್ಕಕ್ಕೆ, ಬಾಗಿಲ ಬಳಿ ನಿಂತಿದ್ದ ಅಮ್ಮ, ‘ಎಲ್ಲಿ? ನಂಗೇನೂ ಕಾಣ್ತಿಲ್ವಲ್ಲ’ ಎಂದರು. ಬೆಳಕು ಹೋದದ್ದು ಟಾರ್ಚ್ ಹಿಡಿದವರ ಕಣ್ಣಿಗೆ. ಅಪ್ಪ ಟಾರ್ಚನ್ನು ಅಮ್ಮನ ಕೈಗಿತ್ತರು. ಆಗ ಅವರಿಗೂ ಕಂಡಿತು.

ಮಣ್ಣು ಮೆತ್ತಿದರೆ, ಕಬ್ಬಿನ ಸೋಗೆ ಇಳಿಬಿದ್ದು ಮುಚ್ಚಿದರೆ ಟೇಪ್ ಇದ್ದೂ ಇಲ್ಲದಂತೆಯೇ. ಈಗ ಲೋಡ್ ಹೊರಡುವ ಮುನ್ನ ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಆ ಪಟ್ಟಿಯನ್ನು ಒರೆಸುತ್ತಾರೆ. ನಿಮ್ಮ ಮನೆಯ ಗಾಡಿಯ ಹಿಂದೆ ಏನಿದೆ? ಇವತ್ತು ರಾತ್ರಿ ಒಮ್ಮೆ ಟಾರ್ಚ್ ಬಿಟ್ಟು ನೋಡಿ.