ಕೈಗುಣ ನಂಬಿದ ಊರು

ಡಾಕ್ಟರ ಓದೆಷ್ಟು, ಯಾವ ಕಾಲೇಜು ಎಂದು ನಾವ್ಯಾರೂ ವಿಚಾರಿಸುವುದಿಲ್ಲ. ‘ಅವರ ಕೈಗುಣ ಚೆನ್ನಾಗಿದೆ’ ಅಂತ ಪಕ್ಕದ ಮನೆಯವರು ಅಂದರೆ ಸಾಕು, ಜ್ವರದ ಮಗುವನ್ನು ಎತ್ತಿಕೊಂಡು ಅಲ್ಲಿಗೇ ಓಡುತ್ತೇವೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಎಂಬ ಊರಿನಲ್ಲಿ ಅಂಥ ಹೆಸರು ಪಡೆದಿದ್ದವನು ಡಾ. ಹೆರಾಲ್ಡ್ ಶಿಪ್‌ಮನ್. ಡಾಕ್ಟರನ್ನು ಏಕವಚನದಲ್ಲಿ ಬರೆಯಲು ಕೈ ಹಿಂಜರಿಯುತ್ತದೆ ನಿಜ. ಆದರೆ ಮುಂದೆ ಓದಿದರೆ ನೀವೂ ಅವನಿಗೆ ಬಹುವಚನ ಕೊಡಲಾರಿರಿ.

ಅವನ ಪಟ್ಟಿಯಲ್ಲಿ 3,000ಕ್ಕೂ ಹೆಚ್ಚು ರೋಗಿಗಳು. ಒಂಟಿಯಾಗಿರುವ ಮುದುಕಿಯರ ಮನೆಗೆ ಕರೆಯದಿದ್ದರೂ ತಾನೇ ಹೋಗಿ ‘ಹೇಗಿದ್ದೀರಿ’ ಅಂತ ವಿಚಾರಿಸುತ್ತಿದ್ದ. ಈ ಕಾಲದಲ್ಲಿ ಮನೆಗೆ ಬರುವ ಡಾಕ್ಟರು ಸಿಗುವುದುಂಟೆ? ಊರಿನವರು ಅವನನ್ನು ಹೊಗಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಭೇಟಿಗಳಲ್ಲೇ ಅವನು ಡೈಯಾಮಾರ್ಫಿನ್ ಎಂಬ ಬಲವಾದ ನೋವಿನ ಔಷಧವನ್ನು ಹೆಚ್ಚಾಗಿ ಚುಚ್ಚಿ ಕೊಲ್ಲುತ್ತಿದ್ದ. ಆಮೇಲೆ ಸಾವಿನ ಸರ್ಟಿಫಿಕೇಟನ್ನೂ ತಾನೇ ಬರೆದುಕೊಡುತ್ತಿದ್ದ.

ಕೊಲೆಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅವನು ಮೊದಲ ಸಲ ಸಿಕ್ಕಿಬಿದ್ದ ಕಥೆ. 1974ರಲ್ಲಿ ಅವನು ಟಾಡ್‌ಮರ್ಡನ್ ಎಂಬ ಸಣ್ಣ ಊರಿನಲ್ಲಿ ಕೆಲಸಕ್ಕೆ ಸೇರಿದ್ದ. ಮರುವರ್ಷವೇ ರೋಗಿಗಳ ಹೆಸರಿನಲ್ಲಿ ಸುಳ್ಳು ಚೀಟಿ ಬರೆದು ಪೆಥಿಡಿನ್ ತರಿಸಿಕೊಂಡು ತಾನೇ ಚುಚ್ಚಿಕೊಳ್ಳುತ್ತಿದ್ದುದು ಬಯಲಾಯಿತು. ಕೆಲಸ ಹೋಯಿತು, ಆಸ್ಪತ್ರೆಗೆ ಸೇರಿಸಿ ಚಟ ಬಿಡಿಸಿದರು. 1976ರ ಫೆಬ್ರವರಿಯಲ್ಲಿ ಕೋರ್ಟು 600 ಪೌಂಡ್ ದಂಡ ಹಾಕಿತು. ಡಾಕ್ಟರುಗಳ ಹೆಸರನ್ನು ನೋಂದಾಯಿಸುವ, ತಪ್ಪು ಮಾಡಿದರೆ ಆ ಹೆಸರನ್ನು ಹೊಡೆದುಹಾಕುವ ಅಧಿಕಾರವಿರುವ ಜನರಲ್ ಮೆಡಿಕಲ್ ಕೌನ್ಸಿಲ್ ಮಾಡಿದ್ದೇನು ಗೊತ್ತೆ? ಎಚ್ಚರಿಕೆಯ ಒಂದು ಕಾಗದ ಬರೆದು ಸುಮ್ಮನಾಯಿತು. ಇಂಥ ಔಷಧ ಬರೆಯಕೂಡದೆಂದು ಸರ್ಕಾರವೂ ತಡೆ ಹಾಕಲಿಲ್ಲ.

ಚಟ ಹತ್ತಿದವನಿಗೆ ಚಿಕಿತ್ಸೆ ಕೊಡಿಸಿ ಮತ್ತೆ ಬಾಳು ಕಟ್ಟಿಕೊಳ್ಳಲು ಬಿಡುವುದನ್ನು ನಾನು ತಪ್ಪೆನ್ನುವುದಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದರು. ಆದರೆ ಕಣಜದಿಂದ ಕದ್ದವನ ಕೈಗೇ ಕಣಜದ ಬೀಗದಕೈ ಕೊಡುತ್ತಾರೆಯೇ? ಮನೆಗೆಲಸದವಳು ಒಂದು ಲೋಟ ಸಕ್ಕರೆ ತೆಗೆದರೆ ಮಾರನೆಯ ದಿನ ಅವಳಿಗೆ ಕೆಲಸವಿಲ್ಲ. ದೊಡ್ಡ ಓದಿನವರಿಗೆ ಬೇರೆಯೇ ತಕ್ಕಡಿ.

1977ರಲ್ಲಿ ಅವನು ಹೈಡ್‌ಗೆ ಬಂದ. ಹಿಂದಿನದನ್ನು ಮುಚ್ಚಿಡದೆ ತಾನೇ ಹೇಳಿಕೊಂಡನಂತೆ. ಜೊತೆಯ ಡಾಕ್ಟರುಗಳು ಅವನ ಪ್ರಾಮಾಣಿಕತೆ ಮೆಚ್ಚಿ ಸೇರಿಸಿಕೊಂಡರು. ಅವನು 1975ರ ಮಾರ್ಚ್‌ನಲ್ಲೇ, ದಂಡ ಕಟ್ಟುವುದಕ್ಕಿಂತ ಮುಂಚೆಯೇ ಕೊಲೆ ಮಾಡಿದ್ದನೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಗುಟ್ಟು ಹೊರಬಂದದ್ದು ಹೆಂಗಸರ ಕಣ್ಣಿನಿಂದ. ಶವಸಂಸ್ಕಾರದ ಏರ್ಪಾಡು ಮಾಡುವ ಮನೆತನದ ಡೆಬೊರಾ ಮ್ಯಾಸಿಗೆ ಒಂದು ವಿಷಯ ಕಸಿವಿಸಿ ಮಾಡುತ್ತಿತ್ತು. ಈ ಡಾಕ್ಟರ ಮುದುಕಿಯರು ಹಾಸಿಗೆ ಹಿಡಿದು ನರಳಿ ಸಾಯುವುದಿಲ್ಲ. ಎಷ್ಟೋ ಜನ ಒಳ್ಳೆಯ ಬಟ್ಟೆ ಉಟ್ಟು, ಕುರ್ಚಿಯಲ್ಲಿ ಕೂತ ಹಾಗೇ ಹೋಗಿರುತ್ತಾರೆ! ಅಲ್ಲಿ ಶವ ಸುಡಬೇಕಾದರೆ ಇನ್ನೊಬ್ಬ ಡಾಕ್ಟರ ರುಜುವೂ ಬೇಕಿತ್ತು. ಶಿಪ್‌ಮನ್‌ನ ಕಾಗದಗಳು ರುಜುವಿಗೆ ಹತ್ತಿರದ ಇನ್ನೊಂದು ಕ್ಲಿನಿಕ್ಕಿಗೆ ಹೋಗುತ್ತಿದ್ದವು. ಅಲ್ಲಿನ ಡಾ. ಲಿಂಡಾ ರೆನಾಲ್ಡ್ಸ್‌ಗೂ ಇಷ್ಟೊಂದು ಕಾಗದ ಯಾಕೆ ಬರುತ್ತಿವೆ ಎಂಬ ಅನುಮಾನ ಹುಟ್ಟಿತು. 1998ರ ಮಾರ್ಚ್‌ನಲ್ಲಿ ಆಕೆ ಸಾವುಗಳ ವಿಚಾರಣೆ ಮಾಡುವ ಕೊರೊನರ್ ಎಂಬ ಅಧಿಕಾರಿಗೆ ತಿಳಿಸಿದರು. ಪೊಲೀಸರು ಬಂದರು, ವಿಚಾರಿಸಿದರು, ಏನೂ ಇಲ್ಲ ಎಂದು ಏಪ್ರಿಲ್‌ನಲ್ಲಿ ಫೈಲು ಮುಚ್ಚಿದರು. ಈ ಮನುಷ್ಯನಿಗೆ ಹಿಂದೆ ಶಿಕ್ಷೆಯಾಗಿತ್ತೇ ಎಂದು ಕೂಡ ಅವರು ನೋಡಲಿಲ್ಲ. ಆಮೇಲೆ ಇನ್ನೂ ಮೂವರು ಸತ್ತರು.

ಆ ಮೂವರಲ್ಲಿ ಕೊನೆಯವರು ಕ್ಯಾಥ್ಲೀನ್ ಗ್ರಂಡಿ. 81 ವರ್ಷ, ಹೈಡ್‌ನ ಮಾಜಿ ಮೇಯರ್, ಗಟ್ಟಿಮುಟ್ಟಾದ ಹೆಂಗಸು. 1998ರ ಜೂನ್ 24ರಂದು ಮನೆಯಲ್ಲಿ ಸತ್ತಿದ್ದರು. ‘ವೃದ್ಧಾಪ್ಯ’ ಎಂದು ಬರೆದ ಡಾಕ್ಟರ್. ಮಗಳು ಏಂಜೆಲಾ ವುಡ್ರಫ್ ಸ್ವತಃ ವಕೀಲೆ. ತಾಯಿಯ ವಿಲ್ ಆಕೆಯ ಆಫೀಸಿನಲ್ಲೇ ಇತ್ತು. ಈಗ ಇದ್ದಕ್ಕಿದ್ದಂತೆ ಇನ್ನೊಂದು ವಿಲ್ ಹುಟ್ಟಿಕೊಂಡಿತು. ಮಗಳು, ಮೊಮ್ಮಕ್ಕಳಿಗೆ ಏನೂ ಇಲ್ಲ, 3,86,000 ಪೌಂಡಿನ ಆಸ್ತಿ ಡಾಕ್ಟರಿಗೆ! ಟೈಪು ಮಾಡಿದ್ದಂತೂ ತೀರಾ ಒರಟು. ಪ್ರತಿ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುತ್ತಿದ್ದ ಅಮ್ಮ ಇಂಥ ಕಾಗದಕ್ಕೆ ಸಹಿ ಹಾಕುವವಳೇ ಅಲ್ಲ ಅಂತ ಮಗಳಿಗೆ ಅನ್ನಿಸಿತು. ಹೂತ ತಾಯಿಯನ್ನು ಮತ್ತೆ ಹೊರತೆಗೆಸಲು ಒಪ್ಪುವುದೆಂದರೆ ಯಾವ ಮಗಳ ಕರುಳು ತಡೆದೀತು? ಆಗಸ್ಟ್‌ನಲ್ಲಿ ತೆಗೆಸಿದರು. ದೇಹದಲ್ಲಿ ಔಷಧ ಸಿಕ್ಕಿತು. ಆ ವಿಲ್ ಟೈಪಾಗಿದ್ದ ಯಂತ್ರ ಶಿಪ್‌ಮನ್‌ನ ಹತ್ತಿರವೇ ಇತ್ತು. ಕಂಪ್ಯೂಟರಿನಲ್ಲಿ ಹಳೆಯ ತಾರೀಖು ಹಾಕಿ ಇಲ್ಲದ ಕಾಯಿಲೆಗಳನ್ನು ಬರೆದಿದ್ದ. ಯಾವ ದಿನ, ಯಾವ ಗಳಿಗೆಯಲ್ಲಿ ಟೈಪು ಮಾಡಿದ ಎಂಬುದನ್ನು ಆ ಯಂತ್ರ ಒಳಗೊಳಗೇ ಬರೆದಿಟ್ಟುಕೊಂಡಿತ್ತು.

1998ರ ಸೆಪ್ಟೆಂಬರ್ 7ರಂದು ಬಂಧನ. 2000ದ ಜನವರಿ 31ರಂದು ಪ್ರೆಸ್ಟನ್ ನಗರದ ಕೋರ್ಟು 15 ಕೊಲೆಗಳಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ನಕಲಿ ವಿಲ್‌ಗೆ ಬೇರೆ ನಾಲ್ಕು ವರ್ಷ. ಎಂದಿಗೂ ಬಿಡುಗಡೆ ಮಾಡಕೂಡದೆಂದು ನ್ಯಾಯಾಧೀಶರು ಹೇಳಿದರು. ಅಷ್ಟಾದ ಮೇಲೆ, ಫೆಬ್ರವರಿಯಲ್ಲಿ, ಮೆಡಿಕಲ್ ಕೌನ್ಸಿಲ್ ಅವನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿತು. 1976ರಲ್ಲಿ ಒಂದು ಗೆರೆ ಎಳೆದಿದ್ದರೆ ಎಷ್ಟು ಮನೆಗಳಲ್ಲಿ ಅಜ್ಜಿಯರು ಉಳಿಯುತ್ತಿದ್ದರೋ!

ಅವನ ಹೆಂಡತಿ ಕೋರ್ಟಿಗೆ ಬಂದು ಕೂರುತ್ತಿದ್ದಳು, ಗಂಡನನ್ನು ಬಿಟ್ಟುಕೊಡಲಿಲ್ಲ. ಅವಳಿಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂದು ಹೊರಗಿನ ನಾವು ಹೇಳುವುದು ಬೇಡ. ಅವನೂ ಬಾಯಿ ಬಿಡಲಿಲ್ಲ. ಯಾಕೆ ಕೊಂದೆ ಎಂದು ಒಂದು ಮಾತೂ ಹೇಳದೆ 2004ರ ಜನವರಿ 13ರಂದು, 58 ತುಂಬುವ ಹಿಂದಿನ ದಿನ, ವೇಕ್‌ಫೀಲ್ಡ್ ಜೈಲಿನಲ್ಲಿ ನೇಣು ಹಾಕಿಕೊಂಡ.

ನ್ಯಾಯಮೂರ್ತಿ ಜಾನೆಟ್ ಸ್ಮಿತ್ ಎಂಬಾಕೆ ನಡೆಸಿದ ಸರ್ಕಾರಿ ವಿಚಾರಣೆಯ ಮೊದಲ ವರದಿ 2002ರಲ್ಲಿ ಬಂತು. ಅದರಲ್ಲಿ ಕೊಲೆಯಾದವರೆಂದು ಗುರುತಿಸಿದ್ದು 215 ಜನ. ಅವರಲ್ಲಿ 171 ಮಂದಿ ಹೆಂಗಸರು. ಒಟ್ಟು ಸಂಖ್ಯೆ 250ರ ಆಸುಪಾಸು ಇರಬಹುದೆಂದು ಆಕೆ ನಂತರ ಅಂದಾಜು ಮಾಡಿದರು. ಎರಡನೇ ಡಾಕ್ಟರ ರುಜು ಬರೀ ಶಾಸ್ತ್ರಕ್ಕೆ ಆಗಿಹೋಗಿತ್ತೆಂಬುದೂ ಆ ವಿಚಾರಣೆಯಲ್ಲಿ ಹೊರಬಂತು.

ಸುಧಾರಣೆ ನಿಧಾನವಾಗಿ ಬಂತು. 2012ರ ಡಿಸೆಂಬರ್‌ನಿಂದ ಬ್ರಿಟನ್ನಿನ ಡಾಕ್ಟರುಗಳು ಒಮ್ಮೆ ಪಾಸಾದರೆ ಮುಗಿಯಲಿಲ್ಲ, ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ತಾವು ಕೆಲಸಕ್ಕೆ ಯೋಗ್ಯರೆಂದು ತೋರಿಸಬೇಕು. ಸಾವಿನ ಸರ್ಟಿಫಿಕೇಟಿನ ವಿಷಯ ಇನ್ನೂ ತಡವಾಯಿತು. 2024ರ ಸೆಪ್ಟೆಂಬರ್ 9ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೊರೊನರ್‌ಗೆ ಹೋಗದ ಪ್ರತಿ ಸಾವನ್ನೂ ಸಂಬಂಧವಿಲ್ಲದ ಬೇರೊಬ್ಬ ವೈದ್ಯ ಪರೀಕ್ಷಕರು ನೋಡಲೇಬೇಕು. ಅವರ ಕಡೆಯಿಂದ ಸತ್ತವರ ಮನೆಯವರ ಜೊತೆಯೂ ಮಾತಾಡುತ್ತಾರೆ. ನಿಮಗೇನಾದರೂ ಅನುಮಾನವಿದೆಯೇ ಅಂತ ಕೇಳುತ್ತಾರೆ.