ಚೀಟಿ ಇಲ್ಲದೆ ಮಾತ್ರೆ ಕೊಡಬಹುದೇ?

ಜೂನ್ ತಿಂಗಳ ಒಂದು ಸಂಜೆ. ಚಿಕ್ಕಮಗಳೂರಿನಲ್ಲಿ ಜಿಟಿಜಿಟಿ ಮಳೆ. ಕಾಫಿ ತೋಟಗಳಿಂದ ಬಂದ ಜೀಪುಗಳು ಕೂಲಿಯವರನ್ನು ನಗರದ ಅಂಚಿನ ಬಡಾವಣೆಯೊಂದರ ತಿರುವಿನಲ್ಲಿ ಇಳಿಸಿ ಹೋಗುತ್ತಿದ್ದವು. ಅಲ್ಲಿನ ಸಣ್ಣ ಔಷಧದಂಗಡಿಯಲ್ಲಿ ಚಿತ್ರೀಕರಣಕ್ಕೆಂದು ನಾವು ಹೋಗಿದ್ದೆವು. ಕ್ಯಾಮೆರಾ ಇನ್ನೂ ಚೀಲದಲ್ಲೇ ಇತ್ತು. ಕೊಡೆ ಮಡಚುತ್ತಾ ಬಂದ ಹೆಂಗಸೊಬ್ಬರು ಕೇಳಿದರು:

“ಅಣ್ಣ, ಕೆಮ್ಮಿನ ಮಾತ್ರೆ ನಾಲ್ಕು ಕೊಡಿ. ಕೆಂಪು-ಕಪ್ಪು ಕ್ಯಾಪ್ಸೂಲು ಇರ್ತದಲ್ಲ, ಅದೂ ಎರಡು.”

“ಯಾರಿಗಕ್ಕ?”

“ನಮ್ಮನೆಯವರಿಗೆ.”

“ಎಷ್ಟು ದಿನದಿಂದ ಕೆಮ್ಮು?”

“ಮೂರು ವಾರ ಆಯ್ತು. ಸಂಜೆ ಹೊತ್ತಿಗೆ ಜ್ವರಾನೂ ಬರ್ತದೆ.”

ಅಂಗಡಿಯವರು ಕ್ಯಾಪ್ಸೂಲು ಕೊಡಲಿಲ್ಲ. ಕಫ ಪರೀಕ್ಷೆ ಮಾಡಿಸಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ ಎಂದು ಹೇಳಿದರು. “ಕೂಲಿ ಬಿಟ್ಟು ಹೋಗೋದು ಹೆಂಗೆ?” ಎನ್ನುತ್ತಾ ಆಕೆ ಮಳೆಗೆ ಇಳಿದರು. “ಈಗ ಮುಂದಿನ ಅಂಗಡಿಗೆ ಹೋಗ್ತಾರೆ ನೋಡಿ ಸಾರ್” ಎಂದರು ಅಂಗಡಿಯವರು.

ಅವರು ಮಾಡಿದ್ದು ಸರಿಯೇ? ತೆರೆಯ ಮೇಲಿನ ಮಾತುಕತೆಯಲ್ಲಿ ಇದನ್ನು ಬಿಡಿಸಿ ಹೇಳಲು ಸಮಯ ಸಾಲುವುದಿಲ್ಲ. ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಮೊದಲ ಬಾಗಿಲು

ದಿನಗೂಲಿಯವರ ಮನೆಯಲ್ಲಿ ಕಾಯಿಲೆ ಬಂದರೆ ಅವರು ಮೊದಲು ತಟ್ಟುವುದು ವೈದ್ಯರ ಬಾಗಿಲನ್ನಲ್ಲ, ಔಷಧದಂಗಡಿಯ ಬಾಗಿಲನ್ನು. ಕಾರಣ ಅಜ್ಞಾನವೆಂದುಕೊಳ್ಳಬೇಡಿ, ಅದು ಲೆಕ್ಕಾಚಾರ. ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಒಂದು ದಿನದ ಕೂಲಿ ಹೋಗುತ್ತದೆ. ಅಂಗಡಿ ರಾತ್ರಿಯವರೆಗೂ ತೆರೆದಿರುತ್ತದೆ, ಸಲಹೆಗೆ ಶುಲ್ಕವಿಲ್ಲ. ತೋಟದ ಕಾರ್ಮಿಕರಿಗೆ ಮಾಲೀಕರು ವೈದ್ಯಕೀಯ ಸೌಲಭ್ಯ ಒದಗಿಸಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ವಿಧಿಸಿತ್ತು. ಆದರೆ ಊರಿನಲ್ಲಿ ವಾಸವಿದ್ದು, ಇಂದು ಒಂದು ತೋಟ, ನಾಳೆ ಇನ್ನೊಂದು ತೋಟ ಎಂದು ಅಲೆಯುವವರಿಗೆ ತೋಟದ ದವಾಖಾನೆ ಎಲ್ಲಿಂದ ಬರಬೇಕು?

ಕಾನೂನು ಬಂದ ಬಗೆ

ನಿಮ್ಮ ಅಜ್ಜಂದಿರ ಕಾಲದಲ್ಲಿ ಮಲೆನಾಡು ಎಂದರೆ ಮಲೇರಿಯಾ, ಮಲೇರಿಯಾ ಎಂದರೆ ಕ್ವಿನೈನ್. ಅಂಥ ಕ್ವಿನೈನಿನಲ್ಲೂ ಕಲಬೆರಕೆ ನಡೆಯುತ್ತಿದೆ ಎಂಬ ದೂರು 1920ರ ದಶಕದಲ್ಲಿ ಎದ್ದಿತ್ತು. ಆಗ ಯಾರು ಬೇಕಾದರೂ ಔಷಧ ಮಾರಬಹುದಿತ್ತು. ಸರ್ಕಾರ 1930ರಲ್ಲಿ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಅದರ ವರದಿಯ ಫಲವೇ 1940ರ ಔಷಧ ಕಾಯಿದೆ ಮತ್ತು 1945ರ ನಿಯಮಗಳು. ಮಾರುವ ವಸ್ತುವಿಗೆ ಕಟ್ಟಳೆ ಬಂತು, ಮಾರುವ ವ್ಯಕ್ತಿಗೆ? ಅದಕ್ಕಾಗಿ 1948ರಲ್ಲಿ ಫಾರ್ಮಸಿ ಕಾಯಿದೆ ಬಂತು.

ಈ ಎರಡು ಕಾಯಿದೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಮ್ಮೆ ನಿಮ್ಮ ಬೀದಿಯ ಅಂಗಡಿಯನ್ನು ನೋಡಿ. ಚಿಲ್ಲರೆ ಔಷಧದಂಗಡಿ ಕನಿಷ್ಠ 10 ಚದರ ಮೀಟರ್ ಇರಬೇಕು. ಪರವಾನಗಿ ಗಿರಾಕಿಗಳ ಕಣ್ಣಿಗೆ ಬೀಳುವಂತಿರಬೇಕು. ಇನ್ಸುಲಿನ್‌ನಂಥ ಔಷಧಗಳಿಗೆ ಫ್ರಿಜ್ ಬೇಕು. ಅವಧಿ ಮುಗಿದದ್ದನ್ನು ಮಾರುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವೈದ್ಯರ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್‌ರ ಖುದ್ದು ಮೇಲ್ವಿಚಾರಣೆಯಲ್ಲೇ ಕೊಡಬೇಕು. ಪಿ.ಯು.ಸಿ. ವಿಜ್ಞಾನದ ನಂತರ ಎರಡು ವರ್ಷದ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಪದವಿ ಮುಗಿಸಿ, ರಾಜ್ಯ ಫಾರ್ಮಸಿ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದವರೇ ಫಾರ್ಮಸಿಸ್ಟ್. ಅವರು ಬಿಳಿ ಕೋಟು ಧರಿಸಿ, ಹೆಸರು ಮತ್ತು ನೋಂದಣಿ ಸಂಖ್ಯೆಯ ಬಿಲ್ಲೆ ಹಾಕಿಕೊಳ್ಳಬೇಕೆಂದು 2015ರ ನಿಯಮಾವಳಿ ಹೇಳುತ್ತದೆ. ಔಷಧ ಸೇವಿಸುವ ಬಗೆಯನ್ನು ರೋಗಿಗೆ ತಿಳಿಸಿ ಹೇಳುವುದೂ ಅವರ ಕರ್ತವ್ಯವೇ.

ಯಾವುದಕ್ಕೆ ಚೀಟಿ ಬೇಕು?

ಜ್ವರದ ಪ್ಯಾರಾಸಿಟಮಾಲ್, ಭೇದಿಗೆ ಕೊಡುವ ಓ.ಆರ್.ಎಸ್. ಪುಡಿ ಇಂಥವಕ್ಕೆ ಸಾಮಾನ್ಯವಾಗಿ ಚೀಟಿ ಕೇಳುವುದಿಲ್ಲ. ಸಾವಿರಕ್ಕಿಂತ ಹೆಚ್ಚು ಜನರಿಲ್ಲದ, ಪರವಾನಗಿಯ ಅಂಗಡಿಯೂ ಇಲ್ಲದ ಹಳ್ಳಿಯಲ್ಲಿ ಕಿರಾಣಿ ಅಂಗಡಿಯವರು ಕೂಡ ಪ್ಯಾರಾಸಿಟಮಾಲ್ ಮಾತ್ರೆ ಮಾರಬಹುದು.

ಆದರೆ ‘ಎಚ್’ ಷೆಡ್ಯೂಲ್‌ನ ಔಷಧಗಳಿಗೆ ಚೀಟಿ ಕಡ್ಡಾಯ. ಹೆಚ್ಚಿನ ಆ್ಯಂಟಿಬಯೋಟಿಕ್‌ಗಳು ಈ ಗುಂಪಿನವು. 2014ರ ಮಾರ್ಚ್‌ನಿಂದ ‘ಎಚ್-1’ ಎಂಬ ಇನ್ನೂ ಬಿಗಿಯಾದ ಪಟ್ಟಿ ಜಾರಿಗೆ ಬಂತು. ಮೊದಲಿಗೆ ಇದರಲ್ಲಿ ಕ್ಷಯದ ಔಷಧಗಳೂ ಸೇರಿದಂತೆ 46 ಔಷಧಗಳಿದ್ದವು. ಇವನ್ನು ಕೊಟ್ಟಾಗ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಇನ್ನು ‘ಎಕ್ಸ್’ ಷೆಡ್ಯೂಲ್‌ನ ಅಮಲು ತರಬಲ್ಲ ಔಷಧಗಳಿಗೆ ಚೀಟಿಯ ಎರಡು ಪ್ರತಿ ಬೇಕು. ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು.

ಎರಡು ಕ್ಯಾಪ್ಸೂಲಿಗೆ ಇಷ್ಟೆಲ್ಲ ಏಕೆ ಎಂದು ನೀವು ಕೇಳಬಹುದು. ಆ್ಯಂಟಿಬಯೋಟಿಕ್ ದೇಹಕ್ಕೆ ಹೋದಾಗ ಮೊದಲು ಸಾಯುವುದು ದುರ್ಬಲ ರೋಗಾಣುಗಳು. ಎರಡೇ ದಿನಕ್ಕೆ ನಿಲ್ಲಿಸಿದರೆ ಗಟ್ಟಿಮುಟ್ಟಾದವು ಉಳಿದು ವಂಶ ಬೆಳೆಸುತ್ತವೆ. ಮುಂದೆ ಆ ಔಷಧ ನಾಟುವುದಿಲ್ಲ, ಅದೇ ರೋಗಾಣು ತಗುಲಿದ ಪಕ್ಕದ ಮನೆಯವರಿಗೂ ನಾಟುವುದಿಲ್ಲ. ಕ್ಷಯದ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಲೀವೊಫ್ಲಾಕ್ಸಾಸಿನ್‌ನಂಥ ಔಷಧ ಕ್ಷಯದ ಕೆಮ್ಮನ್ನು ಕೆಲವು ದಿನ ತಗ್ಗಿಸಬಲ್ಲದು. ರೋಗಿ ಗುಣವಾಯಿತೆಂದುಕೊಳ್ಳುತ್ತಾನೆ. ರೋಗ ಪತ್ತೆಯಾಗುವುದು ತಡವಾಗುತ್ತದೆ. ಅಷ್ಟರಲ್ಲಿ ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ಅದು ಹರಡಿರಬಹುದು.

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂಬುದು ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ಸೂಚನೆ. ಕ್ಷಯದ ಔಷಧ ಪಡೆಯುವ ರೋಗಿಗಳ ವಿವರವನ್ನು ಔಷಧದಂಗಡಿಯವರೂ ಸರ್ಕಾರಕ್ಕೆ ತಿಳಿಸಬೇಕೆಂದು 2018ರ ಅಧಿಸೂಚನೆ ಹೇಳಿದೆ. ಹೀಗಾಗಿ ಆ ಸಂಜೆ ಅಂಗಡಿಯವರು ಕೇಳಿದ “ಎಷ್ಟು ದಿನದಿಂದ?” ಎಂಬುದು ಬರೀ ಕುಶಲ ಪ್ರಶ್ನೆಯಲ್ಲ, ಅದೇ ಅವರ ವೃತ್ತಿ.

‘ಇಲ್ಲ’ ಎಂದವರಿಗೆ ಏನು ಸಿಗುತ್ತದೆ?

ತೊಡಕಿರುವುದು ಇಲ್ಲಿಯೇ. 2013ರ ಔಷಧ ಬೆಲೆ ನಿಯಂತ್ರಣ ಆದೇಶ ಅಗತ್ಯ ಔಷಧಗಳ ಗರಿಷ್ಠ ಬೆಲೆ ಕಟ್ಟುವಾಗ ಚಿಲ್ಲರೆ ವ್ಯಾಪಾರಿಗೆ ನೂರಕ್ಕೆ 16ರ ಲಾಭ ಇಟ್ಟಿತು. ಮಾತ್ರೆ ಮಾರಿದರೆ ಆ ಹದಿನಾರು. “ಮಾತ್ರೆ ಬೇಡ, ಪರೀಕ್ಷೆ ಮಾಡಿಸಿ” ಎಂದರೆ ಸೊನ್ನೆ, ಜೊತೆಗೆ ಗಿರಾಕಿಯೂ ಹೋದರು. ಇಂಗ್ಲೆಂಡಿನಲ್ಲಿ 2024ರ ಜನವರಿಯಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಗಂಟಲು ನೋವು, ಕಿವಿ ನೋವು ಮೊದಲಾದ ಏಳು ತೊಂದರೆಗಳಿಗೆ ಫಾರ್ಮಸಿಸ್ಟರೇ ರೋಗಿಯನ್ನು ನೋಡಿ ಸಲಹೆ ಕೊಡುತ್ತಾರೆ, ಅಗತ್ಯವಿದ್ದರೆ ಔಷಧವನ್ನೂ ಕೊಡುತ್ತಾರೆ. ಆ ಸಮಾಲೋಚನೆಗೆ ಸರ್ಕಾರಿ ಆರೋಗ್ಯ ಸೇವೆ ಹಣ ತೆರುತ್ತದೆ. ನಮ್ಮಲ್ಲಿ ಸಲಹೆ ಕೊಡುವುದು ಕರ್ತವ್ಯವಾಗಿದೆ. ಅದಕ್ಕೆ ಸಂಭಾವನೆ ಕೊಡುವ ವ್ಯವಸ್ಥೆ ಇನ್ನೂ ಬಂದಿಲ್ಲ.

ಹಾಗೆಂದು ಬಡಾವಣೆಯ ಜನರಿಗೆ ದಾರಿಗಳೇ ಇಲ್ಲವೆಂದಲ್ಲ. ನಗರದ ಬಡಜನರಿಗಾಗಿ ಕರ್ನಾಟಕ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ನಮ್ಮ ಕ್ಲಿನಿಕ್’ಗಳನ್ನು ಆರಂಭಿಸಿತು. ಅಲ್ಲಿ ತಪಾಸಣೆಯೂ ಔಷಧವೂ ಉಚಿತ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಕೇಂದ್ರಗಳಲ್ಲಿ ಅದೇ ಔಷಧಗಳು ಬ್ರ್ಯಾಂಡ್ ಹೆಸರಿಲ್ಲದೆ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ಆದರೆ ಒಂದು ಮಾತು ನೆನಪಿಡಿ: ಚೀಟಿಯಲ್ಲಿ ಬರೆದ ‘ಎಚ್’ ಔಷಧದ ಬದಲು ಬೇರೆ ತಯಾರಿಕೆಯನ್ನು ಕೊಡಲು ಅಂಗಡಿಯವರಿಗೆ ನಿಯಮ ಅವಕಾಶ ಕೊಡುವುದಿಲ್ಲ. ಆದ್ದರಿಂದ ಔಷಧದ ಮೂಲ ಹೆಸರನ್ನೇ ಬರೆಯುವಂತೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು. ಕ್ಷಯಕ್ಕಂತೂ ಪರೀಕ್ಷೆ, ಔಷಧ ಎರಡೂ ಉಚಿತ. ರೋಗಿಯ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡಲಾಗುತ್ತಿತ್ತು. 2024ರ ನವೆಂಬರ್‌ನಿಂದ ಅದು 1000 ರೂಪಾಯಿ ಆಗಿದೆ. ಕೂಲಿ ತಪ್ಪುವ ಭಯಕ್ಕೆ ಇದು ಪೂರ್ತಿ ಉತ್ತರವಲ್ಲ, ಆದರೆ ಆ ಹೆಂಗಸಿಗೆ ಈ ವಿಷಯ ಯಾರಾದರೂ ಹೇಳಬೇಕಲ್ಲವೇ?

ವಿದ್ಯಾರ್ಥಿ ಮಿತ್ರರೇ, ಮನೆಯಲ್ಲಿ ಔಷಧ ತರಲು ನಿಮ್ಮನ್ನೇ ಕಳಿಸುತ್ತಾರೆ. ಹೋದಾಗ ಗೋಡೆಯ ಪರವಾನಗಿ ನೋಡಿ. ಮಾತ್ರೆಯ ಶೀಟಿನ ಮೇಲೆ ಕೆಂಪು ಗೆರೆ ಇದೆಯೇ ನೋಡಿ. ಇದ್ದರೆ ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು ಎಂದು ಆರೋಗ್ಯ ಸಚಿವಾಲಯ 2016ರಿಂದ ಪ್ರಚಾರ ಮಾಡಿದೆ. ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ಬ್ಯಾಚ್ ಸಂಖ್ಯೆ ಇರಲಿ. ಫಾರ್ಮಸಿಸ್ಟರು “ಇದು ಕೊಡಲ್ಲ” ಎಂದರೆ ಸಿಟ್ಟಾಗದೆ, ಏಕೆಂದು ಕೇಳಿ.

ಆ ಸಂಜೆ ಆಕೆ ಮುಂದಿನ ಅಂಗಡಿಗೆ ಹೋದರೋ, ಮನೆಗೆ ಹೋದರೋ ನಮಗೆ ಗೊತ್ತಾಗಲಿಲ್ಲ. ಹೋಗಿದ್ದರೆ, ಅಲ್ಲಿಯೂ ಒಬ್ಬರು “ಎಷ್ಟು ದಿನದಿಂದ ಅಕ್ಕ?” ಎಂದು ಕೇಳಿರಲಿ.